ಕಬಡ್ಡಿಯಲ್ಲಿ ರಕ್ಷಣೆಯ ಏರ್ಪಾಡು

ನಮ್ಮ ಟಿ. ನಗರದ ನೆರೆಹೊರೆಯವರು ಸಡುಗುಡು ಎಂದು ಕರೆಯುವ ಆಟವೇ ನಾವು ಬಲ್ಲ ಕಬಡ್ಡಿ. ಇದರಲ್ಲಿ ದಾಳಿಗೆ ಹೋಗುವವನನ್ನು ಎಲ್ಲರೂ ಹೊಗಳುವರು. ಅವನನ್ನು ಹಿಡಿಯುವವರ ಏರ್ಪಾಡನ್ನು ಗಮನಿಸುವವರು ವಿರಳ.

ಅಂಕಣದಲ್ಲಿ ಏಳು ಮಂದಿ ನಿಲ್ಲುವರು. ಎರಡು ಕೊನೆಗಳಲ್ಲಿ ನಿಲ್ಲುವ ಕಾರ್ನರ್ ಆಟಗಾರರಿಗೆ ಚುರುಕು ಮುಖ್ಯ. ದಾಳಿಗಾರನ ಕಾಲು ಸಮೀಪಿಸಿದೊಡನೆ ಬಾಗಿ ಕಣಕಾಲನ್ನು ಹಿಡಿಯಬೇಕು. ಒಳಗಡೆ ನಿಲ್ಲುವ ಕವರ್ ಆಟಗಾರರಿಗೆ ಮೈಬಲ ಮುಖ್ಯ. ಅವನು ಹಿಂದಿರುಗುವ ದಾರಿಗೆ ಅಡ್ಡಗಟ್ಟಬೇಕು. ಪಕ್ಕದವನ ಕೈ ಹಿಡಿದು ಮುನ್ನುಗ್ಗುವುದೇ ಸರಪಳಿ.

ಆದರೆ ಈ ಏಳು ಮಂದಿ ಕಡೆಯವರೆಗೂ ಉಳಿಯುವುದಿಲ್ಲ. ಔಟಾದವರು ಔಟಾದ ಕ್ರಮದಲ್ಲಿಯೇ ಮರಳಿ ಬರಬೇಕೆಂಬುದು ನಿಯಮ. ತನಗೆ ಬೇಕಾದವನನ್ನು ಮೊದಲು ಕರೆದುಕೊಳ್ಳಲು ನಾಯಕನಿಗೆ ಅಧಿಕಾರವಿಲ್ಲ. ಆದುದರಿಂದ ಇರುವವರನ್ನು ನೋಡಿ ಏರ್ಪಾಡನ್ನು ಬದಲಿಸಬೇಕು. ಎಡಗಡೆಯ ಕಾರ್ನರ್ ಔಟಾದನೆನ್ನಿ. ಉಳಿದವರಲ್ಲಿ ಕಾಲು ಹಿಡಿಯಬಲ್ಲವನಿದ್ದರೆ ಅವನನ್ನು ಅಲ್ಲಿಗೆ ಸರಿಸಬೇಕು. ಅಂಥವನಿಲ್ಲದಿದ್ದರೆ ಬಲಿಷ್ಠರಿಬ್ಬರನ್ನು ಆ ಕಡೆಗೆ ತಂದು, ಒಂಟಿ ಹಿಡಿತದ ಬದಲು ಇಬ್ಬರ ಸರಪಳಿಯಿಂದ ದಾರಿ ಕಟ್ಟಬೇಕು.

ಸಂಖ್ಯೆಯೂ ರೀತಿಯನ್ನು ಬದಲಿಸುತ್ತದೆ. ಆರು ಅಥವಾ ಏಳು ಮಂದಿಯಿರುವಾಗ ದಾಳಿಗಾರನು ಬೋನಸ್ ಗೆರೆಯನ್ನು ದಾಟಿಯೇ ಒಂದು ಅಂಕ ಗಳಿಸಬಹುದು. ಆಗ ಕಾರ್ನರ್ ಆಟಗಾರರು ಅವನ ಪಾದದ ಮೇಲೆ ಕಣ್ಣಿಟ್ಟಿರಬೇಕು. ಐವರಾದೊಡನೆ ಆ ಅವಕಾಶವಿಲ್ಲ. ಅಂಕ ಬೇಕಾದರೆ ಅವನು ಯಾರನ್ನಾದರೂ ಮುಟ್ಟಲೇಬೇಕು. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಅವನನ್ನು ಹಿಡಿದರೆ ಒಂದು ಅಂಕ ಹೆಚ್ಚಿಗೆ ದೊರೆಯುತ್ತದೆ. ಆದರೆ ಅವನು ತಪ್ಪಿಸಿಕೊಂಡು ನಡುಗೆರೆಯನ್ನು ಮುಟ್ಟಿದರೆ ಹಿಡಿದವರೆಲ್ಲರೂ ಔಟು. ಆದಕಾರಣ ಒಬ್ಬನ ಹಿಡಿತ ಭದ್ರವಾಗುವವರೆಗೆ ಉಳಿದವರು ತಾಳ್ಮೆಯಿಂದಿದ್ದು, ಅನಂತರ ಏಕಕಾಲಕ್ಕೆ ಎರಗಬೇಕು.

ಹಿಡಿತದ ಮಹತ್ತ್ವಕ್ಕೆ ಒಂದು ನಿದರ್ಶನವಿದೆ. 1990ರಿಂದ 2014ರವರೆಗೆ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನವನ್ನು ಬಿಟ್ಟುಕೊಡದ ಭಾರತದ ಪುರುಷರ ತಂಡವು 2018ರಲ್ಲಿ ಜಕಾರ್ತದಲ್ಲಿ ಇರಾನಿಗೆ 18–27 ಅಂಕಗಳಿಂದ ಸೋತಿತು. ನಮ್ಮಲ್ಲಿ ಹೆಸರಾಂತ ದಾಳಿಗಾರರಿದ್ದರು. ಅವರೆದುರು ಇರಾನಿನ ಗಟ್ಟಿಯಾದ ರಕ್ಷಣೆಯಿತ್ತು.

ತರಗತಿಯ ತಂಡವನ್ನು ಆರಿಸುವಾಗ ನೀವು ವೇಗವಾಗಿ ಓಡುವವರನ್ನೇ ಕರೆದು, ಗಿಡ್ಡನನ್ನೂ ದಪ್ಪನೆಯವನನ್ನೂ ಬೇಲಿಯ ಬಳಿ ನಿಲ್ಲಿಸುವಿರಿ. ಗಿಡ್ಡನ ಕೈಗೆ ಕಣಕಾಲು ಬೇಗ ಎಟಕುತ್ತದೆ. ದಪ್ಪನೆಯವನು ಅಡ್ಡ ನಿಂತರೆ ದಾರಿ ಮುಚ್ಚುತ್ತದೆ. ಯಾರಿಗೆ ಯಾವ ಸ್ಥಳವೆಂದು ಅರಿಯುವುದೇ ನಾಯಕನ ಕೆಲಸ.