ಸೊಂಟನೋವಿಗೆ ಮನೆಯವರೇ ಮದ್ದು

ಮೈಸೂರಿನ ಬೋಗಾದಿಯಂಥ ಬಡಾವಣೆಗಳಲ್ಲಿ ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳು ಹಲವು. ಆದರೂ ಸಂಜೆ ಅಡುಗೆಮನೆ ಸೇರುವವಳು ಸಾಮಾನ್ಯವಾಗಿ ಹೆಂಡತಿಯೇ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ, ಪುರುಷ 88 ನಿಮಿಷ ಮಾತ್ರ.

ಬಗ್ಗಿ ಗುಡಿಸುವುದು, ತುಂಬಿದ ಬಕೆಟ್ ಎತ್ತುವುದು, ಬಹಳ ಹೊತ್ತು ನಿಲ್ಲುವುದು ಸೊಂಟನೋವನ್ನು ಹೆಚ್ಚಿಸಬಹುದು. ಮುಲಾಮು ಹಚ್ಚಿದರಷ್ಟೇ ಸಾಲದು. ಕೆಲಸದ ಹೊರೆಯೂ ಇಳಿಯಬೇಕು.

ಭಾನುವಾರ ಎಲ್ಲರೂ ಕುಳಿತು ಕೆಲಸಗಳ ಪಟ್ಟಿ ಮಾಡಿ. 'ಸಹಾಯ' ಎನ್ನದೆ, ಒಂದೊಂದು ಕೆಲಸವನ್ನು ಒಬ್ಬೊಬ್ಬರಿಗೆ ಪೂರ್ತಿಯಾಗಿ ವಹಿಸಿ. ನೀರು ತುಂಬುವುದು, ನೆಲ ಒರೆಸುವುದು ಗಂಡಸರಿಗಿರಲಿ. ತಟ್ಟೆ ತೊಳೆಯುವುದು, ಬಟ್ಟೆ ಮಡಿಸುವುದು ಮಗ, ಮಗಳು ಇಬ್ಬರಿಗೂ ಇರಲಿ. ಭಾರವನ್ನು ಮಂಡಿ ಬಗ್ಗಿಸಿ ಎತ್ತಿ. ನೋವು ಕಾಲಿಗಿಳಿದರೆ, ಕಾಲು ಜೋಮು ಹಿಡಿದರೆ ತಡಮಾಡದೆ ವೈದ್ಯರನ್ನು ಕಾಣಿ.