ಆ ಕಡೆ ಇರುವವರು ಯಾರು, ಮೊದಲು ನೋಡಿಕೊ

ನಿನ್ನ ಸ್ಕ್ರಿಪ್ಟ್ ಓದಿದೆ ಮಗಳೇ. ದಿನಾ ರಾತ್ರಿ ಸಂಬಳದ ಫೈಲನ್ನು ಆಫೀಸಿನ ಕಂಪ್ಯೂಟರಿನಿಂದ ಎತ್ತಿ ಲೆಕ್ಕಪತ್ರದವರ ಸರ್ವರ್‌ಗೆ ಹಾಕುವ ಕೆಲಸವನ್ನು ಚೊಕ್ಕವಾಗಿ ಬರೆದಿದ್ದೀಯ. ಪೈಥಾನ್, ಪ್ಯಾರಾಮಿಕೊ ಲೈಬ್ರರಿ, ಎಸ್‌ಎಫ್‌ಟಿಪಿ, ಎಲ್ಲ ಸರಿಯಾದ ಆಯ್ಕೆಗಳೇ. ಆದರೆ ಮಧ್ಯದಲ್ಲಿರುವ ‘ಆಟೋ ಆಡ್ ಪಾಲಿಸಿ’ ಎಂಬ ಸಾಲು ನನಗೆ ಸರಿಬರಲಿಲ್ಲ.

ಅದು ಅಲ್ಲಿಗೆ ಹೇಗೆ ಬಂತೆಂದು ಊಹಿಸಬಲ್ಲೆ. ಮೊದಲ ಸಲ ಓಡಿಸಿದಾಗ ‘ಈ ಸರ್ವರ್ ನೋನ್ ಹೋಸ್ಟ್ಸ್ ಫೈಲಿನಲ್ಲಿಲ್ಲ’ ಎಂದು ಪ್ಯಾರಾಮಿಕೊ ತಕರಾರು ತೆಗೆದಿರುತ್ತದೆ. ಹುಡುಕಿದರೆ ಎಲ್ಲರೂ ಕೊಡುವ ಉತ್ತರ ಒಂದೇ, ಈ ಸಾಲು ಸೇರಿಸಿಬಿಡು. ಸೇರಿಸಿದೆ, ಕೆಲಸ ಆಯಿತು. ಆದರೆ ಆ ತಕರಾರು ದೋಷವಲ್ಲಮ್ಮ, ಕಾವಲು. ಪರಿಚಯವಿಲ್ಲದ ಸರ್ವರನ್ನು ತಿರಸ್ಕರಿಸುವುದೇ ಆ ಲೈಬ್ರರಿಯ ಮೂಲ ಸ್ವಭಾವ. ನೀನು ಕಾವಲುಗಾರನನ್ನು ಮನೆಗೆ ಕಳಿಸಿದ್ದೀಯ ಅಷ್ಟೆ.

ಇದು ಯಾಕೆ ಮುಖ್ಯ ಅಂದರೆ, ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಂಪ್ಯೂಟರುಗಳ ನಡುವೆ ಫೈಲು ಸಾಗಿಸುವ ಎಫ್‌ಟಿಪಿಯ ಮೊದಲ ಕರಡನ್ನು 1971ರಲ್ಲಿ ಎಂಐಟಿಯಲ್ಲಿದ್ದು ಬರೆದವರು ನಮ್ಮವರೇ ಆದ ಅಭಯ್ ಭೂಷಣ್. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿದವರು. ಆಗ ಜಾಲದಲ್ಲಿದ್ದವರು ಬೆರಳೆಣಿಕೆಯ ಸಂಸ್ಥೆಗಳು, ಒಬ್ಬರಿಗೊಬ್ಬರು ಗೊತ್ತಿದ್ದವರು. ಪಾಸ್‌ವರ್ಡ್ ತಂತಿಯ ಮೇಲೆ ಬರೆದದ್ದು ಬರೆದ ಹಾಗೇ ಹೋದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜಾಲ ಬೆಳೆದ ಮೇಲೆ ಕದ್ದು ಓದುವವರು ಹುಟ್ಟಿಕೊಂಡರು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡ್ ಹಿಡಿಯುವ ಕಳ್ಳ ಪ್ರೋಗ್ರಾಂ ಸಿಕ್ಕಿತು. ಅದರಿಂದ ಎಚ್ಚೆತ್ತ ತಾತು ಯ್ಲೊನೆನ್ ಎಂಬಾತ ಅದೇ ವರ್ಷ ಎಸ್‌ಎಸ್‌ಎಚ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಎಫ್‌ಟಿಪಿಯ 21, ಟೆಲ್ನೆಟ್‌ನ 23, ಇವೆರಡರ ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಕೇಳಿ ಪಡೆದ. ನಿನ್ನ ಎಸ್‌ಎಫ್‌ಟಿಪಿ ಓಡುವುದೂ ಎಸ್‌ಎಸ್‌ಎಚ್ ಮೇಲೆಯೇ, ಸ್ಕ್ರಿಪ್ಟಿನಲ್ಲಿರುವ 22 ಅದೇ.

ಎಸ್‌ಎಸ್‌ಎಚ್ ಮಾಡುವ ಕೆಲಸ ಎರಡು. ಸಾಗುವ ಮಾಹಿತಿಯನ್ನು ಗೂಢಲಿಪಿಯಾಗಿಸುವುದು ಒಂದು. ಆ ಕಡೆ ಇರುವುದು ನಿಜವಾದ ಸರ್ವರೇ ಎಂದು ಅದರ ಹೋಸ್ಟ್ ಕೀ ನೋಡಿ ಖಾತ್ರಿ ಮಾಡಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಬಿಟ್ಟರೆ ಮೊದಲನೆಯದಕ್ಕೆ ಬೆಲೆಯೇ ಇಲ್ಲ. ನಡುವೆ ಬಂದು ಕೂತವನ ಜೊತೆಗೇ ನೀನು ಭದ್ರವಾಗಿ ಮಾತಾಡುತ್ತಿರುತ್ತೀಯ. ಪಾಸ್‌ವರ್ಡ್ ಬಳಸಿದ್ದರೆ ಅದೂ ಅವನ ಕೈಸೇರಿತು. ನಿನ್ನ ಸ್ಕ್ರಿಪ್ಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹಳೆಯ ಪರಿಚಯದ ಪಟ್ಟಿಯಾದ ನೋನ್ ಹೋಸ್ಟ್ಸ್ ಫೈಲನ್ನು ಎಲ್ಲೂ ಲೋಡ್ ಮಾಡಿಕೊಂಡಿಲ್ಲ. ಹಾಗಾಗಿ ನಿನ್ನೆಯ ಸರ್ವರ್ ಒಂದು, ಇವತ್ತಿನದು ಇನ್ನೊಂದು ಆದರೂ ಅದು ತುಟಿಪಿಟಿಕ್ಕೆನ್ನದೆ ಒಪ್ಪಿಕೊಳ್ಳುತ್ತದೆ.

2023ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನ ಎಸ್‌ಎಸ್‌ಎಚ್ ಸರ್ವರಿನ ಗುರುತಾದ ಆರ್‌ಎಸ್‌ಎ ಖಾಸಗಿ ಕೀ ಸ್ವಲ್ಪ ಹೊತ್ತು ಸಾರ್ವಜನಿಕವಾಗಿ ಬಯಲಾಗಿ, ಅವರು ಅದನ್ನು ಬದಲಾಯಿಸಬೇಕಾಯಿತು. ಹಳೆಯ ಕೀ ಉಳಿಸಿಕೊಂಡಿದ್ದವರಿಗೆ ‘ಸರ್ವರಿನ ಗುರುತು ಬದಲಾಗಿದೆ’ ಎಂಬ ದೊಡ್ಡಕ್ಷರದ ಎಚ್ಚರಿಕೆ ಬಂತು. ಅವರಿಗೆ ತೊಂದರೆಯಾಯಿತು, ನಿಜ. ಆದರೆ ಗುರುತು ಬದಲಾದದ್ದು ತಿಳಿಯಿತಲ್ಲ. ನಿನ್ನದಕ್ಕೆ ಅದೂ ತಿಳಿಯುತ್ತಿರಲಿಲ್ಲ.

ಹೀಗೆ ಮಾಡು. ಲೆಕ್ಕಪತ್ರದವರ ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಹೋಸ್ಟ್ ಕೀಯ ಫಿಂಗರ್‌ಪ್ರಿಂಟ್ ಓದಿ ಹೇಳಿ ಎಂದು ಕೇಳು. ಆ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿದಾಗ ನಿನ್ನ ಪರದೆಯ ಮೇಲೆ ಬರುವುದಕ್ಕೆ ಅಕ್ಷರ ಅಕ್ಷರ ತಾಳೆ ನೋಡು. ಸರಿಹೋದರೆ ಆ ಕೀಯನ್ನು ನೋನ್ ಹೋಸ್ಟ್ಸ್ ಫೈಲಿಗೆ ಸೇರಿಸಿ, ಸ್ಕ್ರಿಪ್ಟಿನಲ್ಲಿ ಆ ಫೈಲನ್ನು ಲೋಡ್ ಮಾಡಿ, ಆಟೋ ಆಡ್ ಸಾಲನ್ನು ಅಳಿಸಿಬಿಡು. ಕೀಸ್ಕ್ಯಾನ್ ಓಡಿಸಿದರೆ ಸಾಕು ಅನ್ನುವವರ ಮಾತು ಕೇಳಬೇಡ. ಅದೂ ಅದೇ ಜಾಲದ ಮೇಲೆ ಹೋಗಿ ಸಿಕ್ಕಿದ್ದನ್ನು ತರುತ್ತದೆ, ತಾಳೆ ನೋಡುವುದಿಲ್ಲ.

ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲೇ ಬರೆದಿಟ್ಟಿದ್ದೀಯಲ್ಲ, ಅದನ್ನೂ ತೆಗೆ. ಈ ಕೆಲಸಕ್ಕೆಂದೇ ಬೇರೆ ಎಡ್25519 ಕೀ ಮಾಡಿಕೊ. ಅದರಿಂದ ಫೈಲು ಹಾಕಲು ಮಾತ್ರ ಸಾಧ್ಯವಾಗಲಿ, ಸರ್ವರ್ ಒಳಗೆ ಓಡಾಡಲು ಆಗದಿರಲಿ ಎಂದು ಆ ಕಡೆಯವರಿಗೆ ಹೇಳು. ಅವರಿಗೆ ಅದು ಒಂದೆರಡು ಸಾಲಿನ ಕೆಲಸ.

ಇನ್ನೊಂದು, ಭದ್ರತೆಯದಲ್ಲ, ಆದರೂ ಹೇಳಿಬಿಡುತ್ತೇನೆ. ಪುಟ್ ಮಾಡಿದ ಮೇಲೆ ಪ್ಯಾರಾಮಿಕೊ ಫೈಲಿನ ಗಾತ್ರವನ್ನಷ್ಟೇ ಹೋಲಿಸುತ್ತದೆ, ಒಳಗಿರುವುದನ್ನಲ್ಲ. ಅದಕ್ಕೂ ಮೊದಲೇ, ಫೈಲು ಇನ್ನೂ ಹೋಗುತ್ತಿರುವಾಗಲೇ, ಆ ಕಡೆಯ ಪ್ರೋಗ್ರಾಂ ಅರ್ಧ ಬಂದ ಫೈಲನ್ನೇ ಎತ್ತಿಕೊಂಡು ಅರ್ಧ ಜನರಿಗೆ ಸಂಬಳ ಹಾಕಿಬಿಟ್ಟೀತು. ಮೊದಲು ತಾತ್ಕಾಲಿಕ ಹೆಸರಲ್ಲಿ ಕಳಿಸು, ಪೂರ್ತಿ ಹೋದ ಮೇಲೆ ನಿಜವಾದ ಹೆಸರಿಗೆ ಬದಲಿಸು. ಜೊತೆಗೆ ಎಸ್‌ಎಚ್‌ಎ-256 ಚೆಕ್‌ಸಮ್ಮನ್ನೂ ಒಂದು ಪುಟ್ಟ ಫೈಲಿನಲ್ಲಿಟ್ಟು ಕಳಿಸಿದರೆ ಅವರು ತಾಳೆ ನೋಡಿಕೊಳ್ಳಬಹುದು.

ತಿದ್ದಿದ ಮೇಲೆ ಸ್ಕ್ರಿಪ್ಟನ್ನು ಇನ್ನೊಮ್ಮೆ ನನಗೆ ಕಳಿಸು, ನೋಡುತ್ತೇನೆ. ಖಾಸಗಿ ಕೀ ಕಳಿಸಬೇಡ. ಈ ಸಲದ ಮೇಲ್‌ನಲ್ಲಿ ಬಂದ ಪಾಸ್‌ವರ್ಡನ್ನು ಇವತ್ತೇ ಬದಲಾಯಿಸಿಬಿಡು.