ಕುಟುಂಬದ ಛಾಯಾಚಿತ್ರಗಳ ಸಂರಕ್ಷಣೆ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳ ಅವಧಿಯಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಂಧೇರಿ, ಕುರ್ಲಾ ಮೊದಲಾದ ಉಪನಗರಗಳ ತಗ್ಗು ಪ್ರದೇಶಗಳು ಜಲಾವೃತವಾದವು. ಇಂತಹ ವಿಪತ್ತಿನಲ್ಲಿ ಒಂದೇ ಮನೆಯಲ್ಲಿರುವ ಕಂಪ್ಯೂಟರು, ಹಾರ್ಡ್ ಡಿಸ್ಕುಗಳೆರಡೂ ಏಕಕಾಲಕ್ಕೆ ಹಾಳಾಗಬಹುದು. ಗತಿಸಿದ ಹಿರಿಯರ ಚಿತ್ರವನ್ನು ಮತ್ತೆ ತೆಗೆಯಲು ಸಾಧ್ಯವಿಲ್ಲ.

ಆದುದರಿಂದ ತಜ್ಞರು ಸರಳವಾದ ಸೂತ್ರವೊಂದನ್ನು ಸೂಚಿಸುತ್ತಾರೆ: ಚಿತ್ರಗಳ ಪ್ರತಿಗಳು ಮೂರಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೊಂದು ಸ್ಥಳದಲ್ಲಿರಬೇಕು.

ಮೊಬೈಲಿನಲ್ಲಿರುವುದು ಮೊದಲನೆಯ ಪ್ರತಿ. ಮನೆಯ ಹಾರ್ಡ್ ಡಿಸ್ಕಿನಲ್ಲಿರುವುದು ಎರಡನೆಯದು. ಮೂರನೆಯದನ್ನು ಇನ್ನೊಂದು ಡಿಸ್ಕಿನಲ್ಲಿ ತುಂಬಿಸಿ, ಅಂಧೇರಿಯ ಕನ್ನಡಿಗರು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮೂಲ ಮನೆಯಲ್ಲಿ ಇರಿಸಬಹುದು. ಅಥವಾ ಅಂತರ್ಜಾಲದ ಸಂಗ್ರಹದಲ್ಲಿ ಇಡಬಹುದು.

ಅಂತರ್ಜಾಲ ಸಂಗ್ರಹಕ್ಕೂ ಮಿತಿಗಳಿವೆ. ಗೂಗಲ್ ಫೋಟೋಸ್ ಸೇವೆಯ ಅಪರಿಮಿತ ಉಚಿತ ಸೌಲಭ್ಯವು 2021ರ ಜೂನ್ 1ರಿಂದ ನಿಂತಿದೆ. ಮೊಬೈಲಿನೊಡನೆ ಜೋಡಿಸಿದ ಸಂಗ್ರಹದಲ್ಲಿ, ಒಂದೆಡೆ ಅಳಿಸಿದ ಚಿತ್ರ ಇನ್ನೊಂದೆಡೆಯೂ ಅಳಿಸಿಹೋಗಬಹುದು. ಆದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳುವುದು ತರವಲ್ಲ. ವಾಟ್ಸ್ಆ್ಯಪ್ ಮೂಲಕ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರಗಳ ಗುಣಮಟ್ಟ ಕುಗ್ಗುವುದರಿಂದ ಅವನ್ನು ಮೂಲಪ್ರತಿಗಳೆಂದು ಭಾವಿಸಬಾರದು.

ಆರು ತಿಂಗಳಿಗೊಮ್ಮೆಯಾದರೂ ಪ್ರತಿಯೊಂದು ಸಂಗ್ರಹದಿಂದ ಕೆಲವು ಚಿತ್ರಗಳನ್ನು ತೆರೆದು ಪರೀಕ್ಷಿಸಬೇಕು. ಸಂಗ್ರಹದ ಗುಪ್ತಪದವು ಮನೆಯ ಮತ್ತೊಬ್ಬ ವಿಶ್ವಾಸಾರ್ಹ ಸದಸ್ಯರಿಗೂ ತಿಳಿದಿರುವುದು ಅವಶ್ಯಕ. ತೆರೆದು ನೋಡಲಾಗದ ಪ್ರತಿಯು ಇದ್ದೂ ಇಲ್ಲದಂತೆಯೇ ಸರಿ.